ತಂತಿಗೂದಲಿಗೆ ಕತ್ತರಿ

ಮಹಡಿ ಮೆಟ್ಟಿಲ ಮೇಲೆ ಕೂತು ಗಡಿಯಾರ ರಿಪೇರಿಯವನು ನಾಯಿಯ ಬೆನ್ನಿನ ಕೂದಲು ಕೀಳುತ್ತಿದ್ದ. ಎರಡು ಬೆರಳ ನಡುವೆ ನಾಲ್ಕೆಳೆ ಹಿಡಿದು, ಬೆಳೆದ ದಿಕ್ಕಿಗೇ ಮೆಲ್ಲಗೆ ಎಳೆಯುವುದು. ಸತ್ತ ಕೂದಲಾದರೆ ತಾನೇ ಬರುತ್ತಿತ್ತು, ಬರದಿದ್ದರೆ ಬಿಡುತ್ತಿದ್ದ. ನಾಯಿ ಕುಂಯ್ ಅನ್ನಲಿಲ್ಲ. ಕಾಲು ಒತ್ತಿಸಿಕೊಳ್ಳುವ ದೊಡ್ಡಪ್ಪನ ಹಾಗೆ ಅರೆಗಣ್ಣು ಮುಚ್ಚಿ ಕೂತಿತ್ತು.

ನಾಯಿ ಅವನದಲ್ಲ, ಮನೆ ಯಜಮಾನಿಯದು. ವಾಸನೆ ಹಿಡಿದರೆ ಊರಾಚೆಗೂ ಹೋಗುವ ಬೇಟೆ ಜಾತಿ. ಮೈತುಂಬ ಪಾತ್ರೆ ತಿಕ್ಕುವ ತಂತಿಯಂಥ ಕಂದು ಕೂದಲು, ಸಾಲದ್ದಕ್ಕೆ ಗಡ್ಡ, ಪೊದೆ ಹುಬ್ಬು. ತನ್ನ ಅಕ್ಕನ ಮನೆಗೆ ಹೊರಡುವಾಗ ಯಜಮಾನಿ ಖಡಾಖಂಡಿತವಾಗಿ ಹೇಳಿದ್ದಳು: "ಕೂದಲು ಕೈಯಲ್ಲೇ ಕೀಳ್ಬೇಕು. ಕತ್ತರಿ ತಾಗಿಸಿದ್ರೆ ತಂತಿ ಹೋಗಿ ಹತ್ತಿ ಆಗತ್ತೆ. ಮುಂದಿನ ವಾರ ನಾಯಿ ಪ್ರದರ್ಶನ ಇದೆ. ಕತ್ತರಿ ತಾಗಿತೋ, ನೀನು ರೂಮು ಖಾಲಿ ಮಾಡು."

ಮಲಗುವುದಕ್ಕೂ ಕೆಲಸಕ್ಕೂ ಅವನಿಗೆ ಇದ್ದದ್ದು ಅದೊಂದೇ ರೂಮು. ಹೆದರಿ ಕತ್ತರಿಯಿದ್ದ ಡ್ರಾಯರಿಗೇ ಬೀಗ ಜಡಿದಿದ್ದ.

"ಅಯ್ಯಯ್ಯೋ, ಕೋಳಿ ಪುಕ್ಕ ಕಿತ್ತ ಹಾಗೆ ಕೀಳ್ತಿದಾನಲ್ಲಪ್ಪಾ!" ಎದುರು ಮನೆ ಅತ್ತೆ ಗೇಟಿನಿಂದ ಕೂಗಿದಳು. ಅವಳು ಯಾರಿಗೂ ಅತ್ತೆಯಲ್ಲ, ಹಾಗಾಗಿ ಇಡೀ ಬೀದಿಗೇ ಅತ್ತೆ.

"ನೋವಾಗಲ್ಲ ಅತ್ತೆ. ಸತ್ತ ಕೂದಲು."

"ನಿನ್ನ ತಲೇಲೂ ಬೇಕಾದಷ್ಟು ಸತ್ತಿರೋದಿದೆ. ಬಂದು ಕೀಳ್ಲಾ?"

ಅಷ್ಟರಲ್ಲಿ ಮೇಲೆ ಫೋನು ಬಡಿದುಕೊಂಡಿತು. ಓಡಿ ಎತ್ತಿಕೊಂಡ. ಯಜಮಾನಿ.

"ಅಕ್ಕನ ಹತ್ರ ಜಗಳ ಆಯ್ತು. ಇವತ್ತು ಸಂಜೇನೇ ಬರ್ತಿದೀನಿ. ನಾಯಿ ಹೇಗಿದೆ?"

"ಹೂವಿನ ಹಾಗಿದೆ ಅಮ್ಮಾ."

ಕೆಳಗಿಳಿದರೆ ಮೆಟ್ಟಿಲು ಖಾಲಿ. ನಾಯಿಯೂ ಇಲ್ಲ, ಅತ್ತೆಯೂ ಇಲ್ಲ. ಗೇಟು ಮಾತ್ರ ಬಾಯಿ ತೆರೆದುಕೊಂಡಿತ್ತು.

ಹಿತ್ತಲು, ಚರಂಡಿ, ನಿಂತ ಲಾರಿಯ ಅಡಿ, ಎಲ್ಲ ಬಗ್ಗಿ ನೋಡಿದ. ಕೊನೆಗೆ, ಸಂಜೆಯಾಗುತ್ತಾ ಬಂದಾಗ, ಬೀದಿ ಮೂಲೆಯ ಕ್ಷೌರದಂಗಡಿಯಲ್ಲಿ ಅತ್ತೆಯ ನಗು ಕೇಳಿಸಿತು. ಅದು ಅವನ ಅಕ್ಕನ ಗಂಡನ ಅಂಗಡಿ.

ತಿರುಗುವ ಕುರ್ಚಿಯಲ್ಲಿ, ಕತ್ತಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಸುಲಿದ ಆಲೂಗಡ್ಡೆಯಂಥದೊಂದು ಪ್ರಾಣಿ ಕೂತಿತ್ತು. ಗಡ್ಡವಿಲ್ಲ, ಹುಬ್ಬಿಲ್ಲ, ಬಣ್ಣವೂ ಬೂದು. ಕನ್ನಡಿಯಲ್ಲಿ ಕಂಡ ಅಪರಿಚಿತನ ಮೇಲೆ ಅದೇ ಗುರ್ರ್ ಅನ್ನುತ್ತಿತ್ತು.

"ಬಾರೋ ಭಾಮೈದ!" ಭಾವ ಮಷಿನ್ನು ಊದುತ್ತಾ ಕರೆದ. "ಮುಂದೆ ಒಂಚೂರು ಬಿಡ್ಲಾ ಅಂತ ಕೇಳ್ದೆ. ಗಿರಾಕಿ ಏನೂ ಅನ್ಲಿಲ್ಲ, ಪೂರ್ತಿ ತೆಗೆದ್ಬಿಟ್ಟೆ."

"ಭಾವಾ, ನನ್ನನ್ನ ಬೀದಿಗೆ ಹಾಕಿಬಿಟ್ಯಲ್ಲೋ!"

"ಅವನ್ಯಾಕೆ ಹಾಕ್ತಾನೆ? ಕರ್ಕೊಂಡು ಬಂದಿದ್ದು ನಾನು," ಅಂದಳು ಅತ್ತೆ ಹೆಮ್ಮೆಯಿಂದ. "ನೋಡು, ಸೆಕೆಗೆ ಎಷ್ಟು ಹಾಯಾಗಿದೆ ಪಾಪ."

ಭಾವ ಬಿಚ್ಚಿಟ್ಟಿದ್ದ ಕತ್ತಿನ ಪಟ್ಟಿ ಕಟ್ಟಲೂ ಪುರುಸೊತ್ತಿಲ್ಲದೆ ನಾಯಿಯನ್ನು ಎತ್ತಿಕೊಂಡು ಮನೆಗೆ ಓಡಿದ. ಕಂದು ಬಣ್ಣದ ತನ್ನ ಸ್ವೆಟರು ತೊಡಿಸಿ ನೋಡಿದ. ನಾಯಿ ಅದನ್ನು ಕಿತ್ತೆಸೆಯುವುದಕ್ಕೂ ಯಜಮಾನಿ ಒಳಗೆ ಬರುವುದಕ್ಕೂ ಸರಿಹೋಯಿತು.

ನಾಯಿ ಹಾರಿ ಅವಳ ಮೈಮೇಲೆ ಬಿತ್ತು.

"ಏಯ್, ಇಳಿ! ಬ್ಯಾಗಲ್ಲಿ ಬಿಸ್ಕತ್ತಿದ್ರೆ ಕಂಡೋರ ನಾಯಿಗಳೆಲ್ಲ ಹಿಂಗೇ." ಅವಳು ಅದರ ಬೆನ್ನು ಸವರಿ ಮೂಗು ಮುರಿದಳು. "ಥೂ, ಹತ್ತಿ! ಯಾರದೋ ಈ ಬೋಳು ನಾಯಿ?"

ಸತ್ಯ ನಾಲಗೆ ತುದಿಗೆ ಬಂತು. ಅದರ ಹಿಂದೆಯೇ ಖಾಲಿ ರೂಮೂ ಕಣ್ಣ ಮುಂದೆ ಬಂತು.

"ನಮ್ಮ ಭಾವಂದು," ಅಂದುಬಿಟ್ಟ.

"ನಂದೆಲ್ಲಿ?"

ಇದಕ್ಕೆ ಸುಳ್ಳು ತಯಾರಿರಲಿಲ್ಲ. "ಇಲ್ಲೇ... ಎಲ್ಲೋ..."

ಯಜಮಾನಿ ಬೈಯಲಿಲ್ಲ. ಬ್ಯಾಗು ಹಿಡಿದೇ ನೆಲಕ್ಕೆ ಕುಸಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಆಮೇಲೆ ಕಣ್ಣೊರೆಸಿಕೊಂಡು ಬೋಳು ನಾಯಿಯ ಮುಖ ಹಿಡಿದೆತ್ತಿದಳು. "ಇದೂ ವಾಸನೆ ಹಿಡಿಯೋ ಜಾತೀನೇ. ಮೂಗು ಚೆನ್ನಾಗಿದೆ." ತನ್ನ ನಾಯಿ ಮಲಗುವ ಕಂಬಳಿ ತಂದು ಅದರ ಮೂಗಿಗೆ ಹಿಡಿದಳು. "ಹುಡುಕು ಕಂದಾ!"

"ಬೇಡ ಅಮ್ಮಾ," ಅನ್ನುವಷ್ಟರಲ್ಲಿ ನಾಯಿ ಮೆಟ್ಟಿಲಿಳಿದಿತ್ತು. ಹುಟ್ಟಿದಾಗಿನಿಂದ ಇಷ್ಟು ಸುಲಭದ ವಾಸನೆ ಅದಕ್ಕೆ ಸಿಕ್ಕಿರಲಿಲ್ಲ. ಗೇಟು ದಾಟಿ, ಮೂಗು ನೆಲಕ್ಕೆ ಹಚ್ಚಿ, ಬಾಣದ ಹಾಗೆ ಹೊರಟಿತು.

"ಎಂಥಾ ಜಾಣ! ನಿಮ್ಮ ಭಾವ ಪುಣ್ಯ ಮಾಡಿದಾನೆ ಕಣೋ!" ಯಜಮಾನಿ ಏದುಸಿರು ಬಿಡುತ್ತಾ ಹಿಂದೆ ಓಡಿದಳು. ಅವಳ ಹಿಂದೆ ಅವನು, ಅವನ ಹಿಂದೆ ಏನು ವಿಷಯವೆಂದು ಅತ್ತೆ.

ನಾಯಿ ನೇರ ಕ್ಷೌರದಂಗಡಿಗೆ ನುಗ್ಗಿತು. ಭಾವ ಗುಡಿಸಿಟ್ಟಿದ್ದ ಕೂದಲ ರಾಶಿ ಹತ್ತಿ, ಕತ್ತೆತ್ತಿ, 'ಸಿಕ್ಕಿತು' ಅಂತ ದೀರ್ಘವಾಗಿ ಊಳಿಟ್ಟಿತು.

ಯಜಮಾನಿ ಬಗ್ಗಿ ಒಂದು ಹಿಡಿ ಕೂದಲು ತೆಗೆದು ಬೆರಳಲ್ಲಿ ಉಜ್ಜಿದಳು. ತಂತಿ. ಅವಳ ಕಣ್ಣು ಮೆಲ್ಲಗೆ ಭಾವನ ಕೈಯಲ್ಲಿದ್ದ ಕ್ಷೌರದ ಕತ್ತಿಯ ಮೇಲೆ ಹೋಯಿತು. ಮುಖ ಸುಣ್ಣವಾಯಿತು.

"ಅಮ್ಮಾ, ನಿಮ್ಮ ನಾಯಿ ಇದೇ," ಅಂದ ಅವನು, ಕೊನೆಗೂ.

"ಇದು ಭಾವಂದು ಅಂತ ನೀನೇ ಹೇಳ್ಲಿಲ್ವಾ? ಸತ್ತ ನಾಯಿ ಮೇಲೂ ತಮಾಷೆ ಮಾಡ್ತೀಯಾ?"

ಅತ್ತೆ ಸೂರು ನೋಡಿದಳು. ಭಾವ ಕತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ, ಅದರಿಂದ ಇನ್ನೂ ಕೆಟ್ಟಿತು. ಯಜಮಾನಿ ಕೂದಲನ್ನು ಎದೆಗೊತ್ತಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನಾನು ಯಾರಿಗೂ ಏನೂ ಅನ್ನಲ್ಲ. ಹೇಗಿದ್ರೂ ಸರಿ, ನನ್ನ ನಾಯೀನ ನನಗೆ ಕೊಟ್ಬಿಡಿ."