ಜ್ವಾಲಾಮುಖಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮಗಳು ಅನಘಾಳನ್ನು ನೋಡಲು ವಿಜಯವಾಡದಿಂದ ಗಂಡಿನ ಮನೆಯವರು ವಿಶಾಖಪಟ್ಟಣದ ನಮ್ಮ ಮನೆಗೆ ಬಂದಿದ್ದರು. ಹುಡುಗ ಒಪ್ಪಿದ, ಮಗಳು ಒಪ್ಪಿದಳು. ಹುಡುಗನ ತಾಯಿ ಮಾತ್ರ "ಊರಿಗೆ ಹೋಗಿ ತಿಳಿಸ್ತೀವಂಡಿ" ಎಂದು ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು. ಅವರ ಮನಸ್ಸು ಗೆಲ್ಲುವ ಘನ ಹೊಣೆಯನ್ನು ನಾನೇ ಹೊತ್ತುಕೊಂಡೆ. ಬ್ಯಾಂಕಿನಲ್ಲಿ ಎಂಥೆಂಥ ಗಿರಾಕಿಗಳನ್ನು ಒಲಿಸಿದವನಿಗೆ ಇದೇನು ಮಹಾ!

"ಋಷಿಕೊಂಡದ ಹತ್ರ ಜ್ವಾಲಾಮುಖಿ ಪ್ರದರ್ಶನ ಬಂದಿದೆ. ಸುತ್ತ ಬೆಂಕಿ, ಕಾಲಡಿ ಲಾವಾ!" ಎಂದೆ.

"ಸುಮ್ನೆ ಬೀಚಿಗೆ ಕರ್ಕೊಂಡು ಹೋಗ್ರೀ," ಎಂದಳು ಹೆಂಡತಿ ಸುಧಾ. ಕೇಳುವವರು ಯಾರು?

ಅಲ್ಲಿ ಕಪ್ಪು ಕಲ್ಲಿನ ಗುಹೆಯಂಥ ಬಾಗಿಲು, ಎರಡೂ ಕಡೆ ದೀಪ, ಒಳಗಿನಿಂದ ಹೊಗೆ. ದೇವಸ್ಥಾನದ ಅಭ್ಯಾಸಬಲ! ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಕಳಚಿದವು. ಬೀಗರ ಮುಂದೆ ತಪ್ಪೊಪ್ಪಿಕೊಳ್ಳುವುದುಂಟೇ? "ಇಲ್ಲೇ ಬಿಡಬೇಕು, ನಿಯಮ," ಎಂದು ಗಂಭೀರವಾಗಿ ಘೋಷಿಸಿದೆ.

"ಹೊಸ ಚಪ್ಪಲಿ ಅಂಡಿ," ಎಂದು ಹುಡುಗನ ತಾಯಿ ಹಿಂಜರಿದರು.

"ನನ್ನ ಜವಾಬ್ದಾರಿ ಅಮ್ಮಾ!"

ನಮ್ಮನ್ನು ನೋಡಿ ಹಿಂದಿನ ಸಾಲಿನವರೂ ಬಿಟ್ಟರು.

ಒಳಗೆ ನೆಲ ನಡುಗಿತು, ಗೋಡೆ ಕರಗಿತು, ಬೆಳಕಿನ ಲಾವಾ ಪಾದದ ಮೇಲೆ ಹರಿಯಿತು. ಹುಡುಗನ ತಾಯಿ ಮಗುವಿನಂತೆ ಚಪ್ಪಾಳೆ ತಟ್ಟಿದರು. ನಾನು ಮನಸ್ಸಿನಲ್ಲೇ ಕಲ್ಯಾಣ ಮಂಟಪ ಗೊತ್ತುಮಾಡಿದೆ.

ಆಮೇಲೆ ಹೊರಹೋಗುವ ಬಾಗಿಲು ತೆರೆಯಿತು. ಅದು ಕಟ್ಟಡದ ಇನ್ನೊಂದು ಬದಿಗಿತ್ತು! ಎದುರಿಗೆ ನಡುಮಧ್ಯಾಹ್ನದ ಬಿಸಿಲಲ್ಲಿ ಕಾದ ಡಾಂಬರು. ವಾಪಸ್ಸು ಒಳಗೆ ಬಿಡುವುದಿಲ್ಲ ಎಂದ ಕಾವಲುಗಾರ, ಚಪ್ಪಲಿ ಬಿಡಲು ಹೇಳಿದ್ದು ಯಾರೆಂದು ತೆಲುಗಿನಲ್ಲಿ ಕೇಳಿದ. ಮೂವತ್ತು ಜನ ತಿರುಗಿ ನನ್ನನ್ನೇ ನೋಡಿದರು.

"ಅಯ್ಯೋ, ಅಮ್ಮಾ, ಸತ್ತೆ!" ಎನ್ನುತ್ತ ಎಲ್ಲರೂ ಕುಣಿಯತೊಡಗಿದರು. ರೇಷ್ಮೆ ಸೀರೆ ಎತ್ತಿ ಹಿಡಿದ ಹುಡುಗನ ತಾಯಿ ಜಿಗಿಜಿಗಿದು ಐಸ್‌ಕ್ರೀಂ ಗಾಡಿಯ ನೆರಳು ಸೇರಿದರು. ನಾನು ಸುಡುವ ಕಾಲಲ್ಲಿ ಕಟ್ಟಡ ಸುತ್ತಿ ಓಡಿ, ನಮ್ಮವರ ಚಪ್ಪಲಿಗಳನ್ನು ಎದೆಗವಚಿಕೊಂಡು ತಂದೆ. ಹುಡುಗನ ತಾಯಿಯ ಹೊಸ ಜೋಡಿ ಮಾತ್ರ ಇರಲಿಲ್ಲ! ನನ್ನ ಹತ್ತನೇ ನಂಬರಿನದನ್ನೇ ಕೊಟ್ಟೆ. ಅದನ್ನೇ ಎಳೆಯುತ್ತ ಅವರು ರೈಲು ಹತ್ತಿದರು.

"ಸಂಬಂಧ ಮುರೀತು, ನೆಮ್ಮದಿಯಾ?" ಎಂದಳು ಸುಧಾ. ಒಂದು ವಾರ ನನಗೆ ಅನ್ನ ಸೇರಲಿಲ್ಲ.

ಕೊನೆಗೆ ಹುಡುಗನ ತಾಯಿಯೇ ಫೋನ್ ಮಾಡಿದರು. "ನಮಗೆ ಒಪ್ಪಿಗೆ ಅಂಡಿ. ನೆನೆಸಿಕೊಂಡು ದಿನಾ ನಗ್ತಿದ್ದೀವಿ. ಆದ್ರೆ ಒಂದು ಷರತ್ತು. ಕಾಶಿಯಾತ್ರೆ ಶಾಸ್ತ್ರಕ್ಕೆ ವರನಿಗೆ ಕೊಡೆ, ಚಪ್ಪಲಿ ಕೊಡ್ತೀರಲ್ಲ, ಆ ಚಪ್ಪಲಿ ನಾವೇ ತರ್ತೀವಿ."

ಕನ್ಯಾದಾನ ನಾನೇ ಮಾಡಬಹುದಂತೆ. ಚಪ್ಪಲಿ ಮುಟ್ಟುವ ಹಾಗಿಲ್ಲ!