ಮೆಟ್ಟಿಲ ಮೇಲೆ ನಿಂಬೆಹಣ್ಣಿನ ಲೋಟ

ಅಕ್ಕ, ಮೊದ್ಲು ನಿಮ್ಮ ಮಕ್ಕಳಾಣೆ ಇಡಿ, ಯಾರಿಗೂ ಹೇಳಲ್ಲ ಅಂತ. ಇಟ್ರಾ? ಸರಿ, ಕೂತ್ಕೊಳ್ಳಿ. ನಮ್ಮ ಯಲಹಂಕದ ಈ ಗಲ್ಲೀಲಿ ವಾರಕ್ಕೊಂದು ಇಂಥದ್ದು ನಡೀತಾನೇ ಇರುತ್ತೆ. ಎದುರುಮನೆ ಮಹಡಿಗೆ ಆ ವೈರಸ್ ಮೇಡಂ ಬಾಡಿಗೆಗೆ ಬಂದ್ಮೇಲಂತೂ ದಿನಕ್ಕೊಂದು.

೧. ಥರ್ಮಾಕೋಲ್ ಡಬ್ಬ

ಮೇಡಂ ಧಾರವಾಡದ ಕಡೆಯವ್ರು, ಒಬ್ರೇ ಇರೋದು. ಹೆಸರಘಟ್ಟ ರಸ್ತೇಲಿ ಲ್ಯಾಬು. ಡೆಂಗ್ಯೂ ವೈರಸ್ಸು ಯಾವ ಬೀದಿ ಸೊಳ್ಳೇಲಿದೆ ಅಂತ ಹುಡುಕೋ ಕೆಲಸ. ಒಂದಿನ ಸಾಯಂಕಾಲ ಥರ್ಮಾಕೋಲ್ ಡಬ್ಬ ಹಿಡ್ಕೊಂಡು ಬಂದ್ರು.

"ಏನ್ ಮೇಡಂ ಅದ್ರಲ್ಲಿ?" ಅಂದೆ.

"ಖಾಲಿ ಐತ್ರಿ. ನಾಳೆ ಸೊಳ್ಳಿ ಹಿಡದು ಹಾಕಾಕ ತಂದೇನಿ."

ನಾವು ಸೊಳ್ಳೆ ಓಡ್ಸೋಕೆ ಕಾಸು ಸುಡ್ತೀವಿ, ಇವ್ರಿಗೆ ಹಿಡಿಯೋಕೆ ಸಂಬಳ. ನಾನು ಹಾಲಿನೋಳಿಗೆ ಮಾತ್ರ ಹೇಳ್ದೆ, ಅದೂ ಮೆಲ್ಲಗೆ. ಬೆಳಗ್ಗೆ ನೀರಿನ ಟ್ಯಾಂಕರ್ ಹತ್ರ ನನಗೇ ಬಂದು ಹೇಳ್ತಾರೆ, "ಮಹಡಿಯೋಳ ಫ್ರಿಜ್ಜಲ್ಲಿ ವೈರಸ್ ಇದೆಯಂತೆ, ಡಬ್ಬಗಟ್ಲೆ." ನಾನೂ "ಹೌದಾ?" ಅಂತ ಬಾಯಿ ಮೇಲೆ ಕೈ ಇಟ್ಕೊಂಡೆ.

ಅವತ್ತೇ ಕೆಳಗಡೆ ಇರೋ ಮನೆ ಓನರ್ರು ಮೇಡಂಗೆ ಹೇಳ್ಬಿಟ್ರು, "ತಿಂಗಳ ಕೊನೆ ಭಾನುವಾರ ಖಾಲಿ ಮಾಡಿ." ಆ ಹೆಂಗಸಿನ ಮುಖ ನೋಡೋಕಾಗ್ಲಿಲ್ಲ. ಆರ್.ಟಿ. ನಗರದಲ್ಲೂ ಕೆಲಸದ ಹೆಸರು ಕೇಳೇ ಓಡ್ಸಿದ್ರಂತೆ.

೨. ಫ್ರಿಜ್ ತಪಾಸಣೆ

"ಒಮ್ಮೆ ಬಂದು ನೋಡ್ರಿ ಸರ. ವೈರಸ್ಸೆಲ್ಲ ಲ್ಯಾಬ್‌ನಾಗ ಇರ್ತಾವ" ಅಂತ ಮೇಡಂ ಗೋಗರೆದ್ರು.

ಓನರ್ರು ಬಂದ್ರು. ಎರಡು ಮಾಸ್ಕು, ಮೇಲೆ ಹೆಲ್ಮೆಟ್ಟು. ನಾನು ಸಾಕ್ಷಿಗೆ ಬಾಗ್ಲ ಹಿಂದೆ ನಿಂತೆ. ಫ್ರಿಜ್ಜಲ್ಲಿ ಒಂದು ಸ್ಟೀಲ್ ಡಬ್ಬ, ಒಳಗೆ ಏನೋ ಕೆಂಪಗೆ. ಹೆಲ್ಮೆಟ್ ತೆಗ್ದು, ಮಾಸ್ಕ್ ಇಳಿಸಿ, ಮೂಗು ಹತ್ರ ಇಟ್ಟು ಎಳೆದ್ರು ನೋಡಿ ಒಂದು ಉಸಿರು. ಸೀನು ಶುರುವಾಯ್ತು, ನಿಲ್ಲಲೇ ಇಲ್ಲ. ಗೋಡೆ ಹಿಡ್ಕೊಂಡು, "ಬಂತು ಕಣಮ್ಮ, ನಂಗೂ ಬಂದ್ಬಿಡ್ತು" ಅಂದ್ರು.

"ಅದು ರಂಜಕ ಐತ್ರಿ ಸರ. ಕೆಂಪ ಮೆಣಸಿನಕಾಯಿ ಚಟ್ನಿ. ನಮ್ಮವ್ವ ಕಳಿಸ್ಯಾಳ."

ಕಣ್ಣೊರೆಸ್ಕೊಂಡು ಓನರ್ರು ಅಂದ್ರು, "ಚಟ್ನೀನೇ ಇಂಗಿದ್ರೆ ವೈರಸ್ ಎಂಗಿರ್ಬೇಡ? ಖಾಲಿ ಮಾಡಿ."

೩. ಕಾವಲು

ವೈರಸ್ ಕೆಳಗಿಳೀಬಾರ್ದು ಅಂತ ಓನರ್ರು ಮೆಟ್ಟಿಲಿಗೊಂದು ಗಾಜಿನ ಲೋಟ, ತುಂಬ ನೀರು, ಒಳಗೊಂದು ನಿಂಬೆಹಣ್ಣು ಇಟ್ರು. ಅಂಗಡೀಲಿ ದೃಷ್ಟಿಗೆ ಇಡ್ತಾರಲ್ಲ, ಅಂಗೆ. ಮುಟ್ಟಿದ್ರೆ ಶಕ್ತಿ ಹೋಗುತ್ತೆ ಅಂತ ನೀರೂ ಬದಲಾಯಿಸ್ಲಿಲ್ಲ.

ಮೇಡಂ ದಿನಾ ಹೇಳೋರು, "ನಿಂತ ನೀರ ಚೆಲ್ರಿ ಸರ, ಸೊಳ್ಳಿ ತತ್ತಿ ಇಡ್ತಾವ."

ಓನರ್ರು ನನ್ ಕಿವೀಲಿ, "ನೋಡಿದ್ಯಾ, ಎಂಗೆ ಹೆದರ್ತಾಳೆ. ಕೆಲಸ ಮಾಡ್ತಾ ಇದೆ."

೪. ಟೆಂಪೋ

ಭಾನುವಾರ ಬಂತು. ಮೇಡಂಗೆ ಬೇರೆ ಮನೆ ಸಿಕ್ಕಿರ್ಲಿಲ್ಲ. ಸಾಮಾನು ಗೊರಗುಂಟೆಪಾಳ್ಯದಲ್ಲಿ ಯಾರದೋ ಶೆಡ್ಡಲ್ಲಿ ಹಾಕೋಕೆ ಮೇಡಂ ಟೆಂಪೋ ತರಿಸಿದ್ರು. ಓನರ್ರು ರಗ್ಗು ಹೊದ್ಕೊಂಡು ಮೆಟ್ಟಿಲ ಮೇಲೆ ನಿಂತು ಮಂಚ ಆ ಕಡೆ, ಬೀರು ಈ ಕಡೆ ಅಂತಿದ್ರು. ಇದ್ದಕ್ಕಿದ್ದಂಗೆ ಕುಸಿದು ಕೂತ್ರು.

ನಾಲ್ಕು ದಿನದಿಂದ ಜ್ವರ. ಯಾರಿಗೂ ಹೇಳಿಲ್ಲ. ಲೋಟ ಕಾಯುತ್ತೆ ಅಂತ ಊರಿಗೆಲ್ಲ ಕೊಚ್ಕೊಂಡಿದ್ರಲ್ಲ.

ಮೇಡಂ ಹಣೆ ಮುಟ್ಟಿದ್ರು. ತೋಳಲ್ಲಿ ಕೆಂಪು ಚುಕ್ಕಿ ನೋಡಿದ್ರು. "ಹೊಟ್ಟಿ ನೋವ ಐತೇನ್ರಿ?"

"ತಡೆಯೋಕಾಗ್ತಿಲ್ಲಮ್ಮ."

ಮೇಡಂ ಟೆಂಪೋ ಡ್ರೈವರ್ ಕಡೆ ತಿರುಗಿದ್ರು. "ಬೀರು ಇಳಸ್ರಿ. ಇವರನ್ನ ಹತ್ತಸ್ರಿ."

ಮೇಡಂ ಹಾಸಿಗೆ ಮೇಲೇ ಓನರ್ರನ್ನ ಮಲಗ್ಸಿದ್ವಿ. ನಾನೂ ಹತ್ಕೊಂಡೆ. ಹೆಬ್ಬಾಳದಲ್ಲಿ ಟ್ರಾಫಿಕ್ಕು, ಗಾಡಿ ಅಲ್ಲಾಡಲ್ಲ. ಓನರ್ರು ಮೇಡಂ ಕೈ ಹಿಡ್ಕೊಂಡು, "ಬದುಕ್ತೀನಾ?" ಅಂದ್ರು. ಮೇಡಂ ನಾಡಿ ಎಣಿಸ್ತಾ ಇದ್ರು. ಅಕ್ಕ, ನಾನು ಜೀವನದಲ್ಲಿ ಮೊದಲನೇ ಸಲ ಬಾಯಿ ಮುಚ್ಕೊಂಡು ಕೂತಿದ್ದು ಅವತ್ತೇ.

ಆಸ್ಪತ್ರೇಲಿ ಡೆಂಗ್ಯೂ ಅಂದ್ರು. ಇನ್ನರ್ಧ ದಿನ ಬಿಟ್ಟಿದ್ರೆ ಕಷ್ಟ ಇತ್ತಂತೆ.

ಐದನೇ ದಿನ ಓನರ್ರು ಎದ್ದು ಕೂತ್ರು. ಕೇಳಿದ ಮೊದಲನೇ ಮಾತು, "ಫ್ರಿಜ್ಜಿಂದಾನೇ ಬಂತಾ?"

ಮೇಡಂ ಮೆಟ್ಟಿಲ ಮೇಲಿನ ಒಂದು ಲೋಟ ತಂದು ಮುಂದೆ ಹಿಡಿದ್ರು. ನಿಂಬೆಹಣ್ಣಿನ ಸುತ್ತ ಹುಳ ಕುಣೀತಾ ಇತ್ತು. "ಜ್ವರ ಎಲ್ಲಿಂದ ಬಂತು ಅಂತ ಹೇಳಾಕ ಬರಂಗಿಲ್ರಿ ಸರ. ಆದ್ರ ಸೊಳ್ಳಿ ಮಾತ್ರ ನೀವ ಸಾಕೀರಿ."

ಆಮೇಲೆ ಖಾಲಿ ಮಾಡೋ ಮಾತೇ ಇಲ್ಲ. ಬೀರು ಓನರ್ ಮಗನೇ ಮೇಲೆ ಹೊತ್ತು ಇಟ್ಟ. ಓನರ್ರು ಈಗ ಟಾರ್ಚ್ ಹಿಡ್ಕೊಂಡು ಮನೆಮನೆ ನುಗ್ಗಿ ನಿಂತ ನೀರು ಹುಡುಕ್ತಾರೆ. ನಿನ್ನೆ ಪಕ್ಕದ್ಮನೆ ಕಳಶದ ತೆಂಗಿನಕಾಯಿ ಎತ್ತಿ ಒಳಗೆ ಟಾರ್ಚ್ ಬಿಟ್ರು. ಪೂಜೆ ನಡೀತಿತ್ತು ಕಣ್ರೀ. ಅಷ್ಟೇ ಅಲ್ಲ, ಆಮೇಲೆ—

ಗೇಟ್ ಸದ್ದಾಯ್ತಲ್ಲ? ಅವ್ರೇ. ಅಕ್ಕ, ಆ ಕಿಟಕಿ ಹತ್ರ ಮನಿಪ್ಲಾಂಟ್ ಬಾಟ್ಲಿ, ನೀರು ಬದಲಾಯ್ಸಿ ತಿಂಗಳಾಗಿದೆ, ಸೆರಗಲ್ಲಿ ಮುಚ್ಕೊಳ್ಳಿ, ಬೇಗ—