ಕೋಸಿನ ಪೀಪಾಯಿ ಮತ್ತು ಮಾವನ ಗಂಟೆ

ಅರವತ್ತಮೂರರ ಈ ವಯಸ್ಸಿನಲ್ಲೂ ಮಾವನ ಗಂಟೆಯನ್ನು ಹಾರಿ ಹಣೆಯಿಂದ ಬಾರಿಸಿಯೇ ತೀರುತ್ತೇನೆಂದು ವೀರಶಪಥ ಮಾಡಿದೆ!

ಮಾವ ತಿಹೋಮಿರ್ ನಮ್ಮೂರ ಫುಟ್‌ಬಾಲ್ ತಂಡದ ಕೋಚ್. ಆಗಿನ್ನೂ ಮಾವ ಆಗಿರಲಿಲ್ಲ, ಬರೀ ಯಮ! ಬೆಳಗಾಗೆದ್ದರೆ ಒಬ್ಬನನ್ನು ಹೆಗಲ ಮೇಲೆ ಹೊತ್ತು ಬಸ್ಕಿ, ಆಮೇಲೆ ಪ್ಲಮ್ ಹಣ್ಣಿನ ಪೆಟ್ಟಿಗೆಗಳ ಮೇಲೆ ಹಾರು, ಇಳಿ, ಮತ್ತೆ ಹಾರು. ಕೊನೆಗೆ ಅವರ ಹಿತ್ತಲಿನ ಅಕ್ರೋಟು ಮರದಿಂದ ಹಸುವಿನ ಗಂಟೆಯೊಂದನ್ನು ಇಳಿಬಿಡುತ್ತಿದ್ದರು. ಹಾರಿ ಹಣೆಯಿಂದ ಬಾರಿಸಿದವನು ತಂಡಕ್ಕೆ, ಉಳಿದವನು ಮನೆಗೆ. ಕೊಂಬೆಯ ಮೇಲಿಂದ ಬಂದ ಹಗ್ಗದ ತುದಿಯನ್ನು ಹಿಡಿದು ನಿಲ್ಲುತ್ತಿದ್ದವಳು ಅವರ ಮಗಳು ಮಿಲುಂಕಾ.

ಹತ್ತೊಂಬತ್ತರಲ್ಲಿ ನಾನು ಬಾರಿಸಿದೆ. ಢಣ್! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ತಂಡ ಸಿಕ್ಕಿತು, ಮುಂದೆ ಮಿಲುಂಕಾಳೂ ಸಿಕ್ಕಳು. ಆ ಢಣ್ ಅನ್ನು ನಲವತ್ತನಾಲ್ಕು ವರ್ಷ ಊರೆಲ್ಲ ಸಾರಿದ್ದೇನೆ.

ಈ ವಸಂತದಲ್ಲಿ ಮಾವ ತೀರಿಕೊಂಡರು. ಅವರ ನೆನಪಿಗೆ ಹಳೆಯ ಆಟಗಾರರ ಪಂದ್ಯ. ಅದಕ್ಕೂ ಮೊದಲು ಅದೇ ಮರ, ಅದೇ ಗಂಟೆ, ಬಾರಿಸಬೇಕಾದವನು ನಾನೇ!

"ನೋಡೇ ಬಿಡೋಣ, ನಿನ್ನ ಢಣ್ ಎಷ್ಟು ನಿಜ ಅಂತ" ಎಂದು ನಮ್ಮ ಹಳೆಯ ಗೋಲ್‌ಕೀಪರ್ ಸ್ರೆತೆನ್ ಮೀಸೆಯಡಿಯಲ್ಲೇ ನಕ್ಕ. ಮಾನದ ಪ್ರಶ್ನೆ!

ತಾಲೀಮಿಗೆ ಭಾರ ಬೇಕಲ್ಲ? ಚಳಿಗಾಲಕ್ಕೆಂದು ಮಿಲುಂಕಾ ಪೀಪಾಯಿಯ ಉಪ್ಪುನೀರಿನಲ್ಲಿ ಎಲೆಕೋಸು ಹಾಕಿಟ್ಟಿದ್ದಳು. ಅದು ತೇಲದಂತೆ ಒತ್ತಿಟ್ಟಿದ್ದ ನದಿಕಲ್ಲನ್ನು ಅಪ್ಪಿಕೊಂಡು ಬಸ್ಕಿ ಹೊಡೆದೆ. ಮೂರನೇ ದಿನ ಕಲ್ಲನ್ನು ವಾಪಸ್ ಇಡುವುದು ಮರೆತೇಹೋಯಿತು. ಕೋಸುಗಳು ನನಗಿಂತ ಚೆನ್ನಾಗಿ ಮೇಲೆದ್ದವು! ನೀರಿನಿಂದ ಹೊರಬಂದವು ಕೊಳೆಯತೊಡಗಿದವು.

"ವುಕೋ, ಏನಿದು ಗಬ್ಬು ವಾಸನೆ?" ಮಿಲುಂಕಾ ಮೂಗು ಹಿಡಿದು ನನ್ನನ್ನು ಕೇಳಿದಳು.

"ಪಕ್ಕದ ಮನೆ ಹಂದಿ ಇರ್ಬೇಕು."

"ಯಾವ ಮನೆ ಹಂದಿ ಅಂತ ಪತ್ತೆ ಹಚ್ತೀನಿ ತಾಳು."

ಶುಕ್ರವಾರ ಹಾರುವ ತಾಲೀಮು. ಸೌದೆ ಒಡೆಯುವ ಕೊರಡಿನ ಮೇಲೆ ನಿಂತು, ಮುಚ್ಚಿದ ಪೀಪಾಯಿಯ ಮೇಲಕ್ಕೆ ಹಾರಿದೆ. ಅಹಾ, ಹತ್ತೊಂಬತ್ತರ ಅದೇ ಕಾಲು! ಮುಚ್ಚಳ ಮಾತ್ರ ಹತ್ತೊಂಬತ್ತರದ್ದಲ್ಲ. ಲಟ್ಟೆಂದಿತು. ಸೊಂಟದವರೆಗೆ ಕೋಸಿನೊಳಗೆ ಸಿಕ್ಕಿಕೊಂಡೆ.

ಸದ್ದಿಗೆ ಮಿಲುಂಕಾ ಓಡಿ ಬಂದಳು. "ಕಲ್ಲು ತೆಗ್ದಿದ್ದು ನೀನಾ? ಸಂತ ನಿಕೋಲನ ಹಬ್ಬಕ್ಕೆ ಬಂದೋರಿಗೆ ಏನು ಬಡಿಸ್ಲಿ, ನಿನ್ನ ಕಾಲಾ?"

"ಬೈಬೇಡ್ವೇ. ನಾಡಿದ್ದು ಗಂಟೆ ಬಾರಿಸದಿದ್ರೆ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

ಅವಳು ಕೊರಡಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಪ್ಪ ಇದನ್ನ ನೋಡ್ಬೇಕಿತ್ತು" ಎಂದು ಏಪ್ರನ್‌ನಿಂದ ಕಣ್ಣೊರೆಸಿಕೊಂಡಳು.

"ಮಂಕೇ, ಆವತ್ತಾದ್ರೂ ನೀನೇ ಬಾರಿಸಿದ್ಯಾ? ಹಗ್ಗ ಒಂದು ಮೊಳ ಇಳಿಸಿದ್ದು ನಾನು."

"ಏನೂ?!"

"ತಂಡಕ್ಕೆ ಸೇರಿಸ್ಕೊಳ್ದಿದ್ರೆ ಮತ್ತೆ ನಮ್ಮ ಹಿತ್ತಲಿಗೆ ಯಾಕೆ ಬರ್ತಿದ್ದೆ?"

"ಮಾವನಿಗೆ ಗೊತ್ತಿತ್ತಾ?"

"ಇಳಿಸು ಅಂತ ಕಣ್ಣು ಹೊಡೆದಿದ್ದೇ ಅಪ್ಪ!"

ನಲವತ್ತನಾಲ್ಕು ವರ್ಷದ ಜಂಬವೆಲ್ಲ ಆ ಉಪ್ಪುನೀರಿನಲ್ಲಿ ಕರಗಿಹೋಯಿತು. ಆ ಯಮನಿಗೆ ನಾನೆಂದರೆ ಇಷ್ಟು ಪ್ರೀತಿಯಿತ್ತೇ!

"ಭಾನುವಾರಾನೂ ಹಗ್ಗ ನಾನೇ ಹಿಡೀತೀನಿ" ಎಂದು ಕಂಕುಳಿಗೆ ಕೈಹಾಕಿ ನನ್ನನ್ನು ಹೊರಗೆ ಎಳೆದು ಹಾಕಿದಳು. "ಆದ್ರೆ ನಾಳೆ ಪೀಪಾಯಿ ತುಂಬ ಹೊಸ ಕೋಸು ಹಾಕೋದು ನೀನು."

ಭಾನುವಾರ ಊರೆಲ್ಲ ಮರದ ಸುತ್ತ ನೆರೆದಿತ್ತು, ಹಗ್ಗ ಮಿಲುಂಕಾಳ ಕೈಯಲ್ಲಿತ್ತು. ಮಾವನನ್ನು ನೆನೆದು ಮಂಡಿ ಬಗ್ಗಿಸಿದೆ. ಹಣೆಗೇ ಢಣ್! ಜನ ಹೋ ಎಂದರು. ಸ್ರೆತೆನ್ ಮಾತ್ರ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದು ನಗುತ್ತಿದ್ದ.

ನಾನಿನ್ನೂ ಹಾರಿಯೇ ಇರಲಿಲ್ಲ!